ನಕಲು ಮಾಡಿದವಳು

ನಮ್ಮ ಶಾಲೆಯಲ್ಲಿ ಅತ್ಯಂತ ಕೆಟ್ಟ ಪದ ಯಾವುದೆಂದು ಯಾರಾದರೂ ಕೇಳಿದರೆ ನಾನು ‘ನಕಲು’ ಎಂದೇ ಹೇಳುತ್ತೇನೆ. ಇಪ್ಪತ್ತೊಂಬತ್ತು ವರ್ಷಗಳ ಈ ವೃತ್ತಿಯಲ್ಲಿ ಎಷ್ಟು ಪರೀಕ್ಷಾ ಕೊಠಡಿಗಳಲ್ಲಿ ಕಾವಲು ನಿಂತಿದ್ದೇನೋ, ಎಷ್ಟು ಹುಡುಗರ ಅಂಗಿಯ ತೋಳಿನಿಂದ, ಹುಡುಗಿಯರ ಜಡೆಯ ರಿಬ್ಬನ್ನಿನಿಂದ ಚೀಟಿ ಹೊರತೆಗೆದಿದ್ದೇನೋ ಲೆಕ್ಕವಿಲ್ಲ. ಸಿಕ್ಕಿಬಿದ್ದ ಮಕ್ಕಳ ಮುಖ ನೋಡಿದಾಗ ಅಯ್ಯೋ ಪಾಪ ಅನ್ನಿಸಿದರೂ, “ಸ್ವಂತ ಬುದ್ಧಿಯಿಂದ ಒಂದು ಸಾಲು ಬರೆದರೂ ಸಾಕು, ಬೇರೆಯವರದ್ದನ್ನು ನೋಡಿ ಹತ್ತು ಪುಟ ಬರೆಯಬೇಡಿ” ಎಂಬ ಪಾಠವನ್ನು ತಪ್ಪದೆ ಹೇಳಿದ್ದೇನೆ. ಹೇಳುವಾಗ ನನಗೆ ಅದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ.

ಹೋದ ಬೇಸಿಗೆ ರಜೆಯಲ್ಲಿ ನಮ್ಮೂರ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಗೆಳತಿಯೊಬ್ಬಳು ಮಾಯಾ ಜನರ ಶಿಲ್ಪಗಳ ಬಗ್ಗೆ ಒಂದು ದಪ್ಪ ಪುಸ್ತಕ ತಂದುಕೊಟ್ಟಳು. ಮಧ್ಯ ಅಮೆರಿಕದ ದಟ್ಟ ಕಾಡುಗಳಲ್ಲಿ, ಇಂದಿನ ಮೆಕ್ಸಿಕೋ, ಗ್ವಾಟೆಮಾಲಾ ದೇಶಗಳ ಕಡೆ, ಸಾವಿರದ ಮುನ್ನೂರು ನಾಲ್ಕುನೂರು ವರ್ಷಗಳ ಹಿಂದೆ ದೊಡ್ಡ ದೊಡ್ಡ ನಗರ ಕಟ್ಟಿ ಬಾಳಿದ ಜನ ಅವರು. ಕಲ್ಲಿನ ಮೇಲೆ ರಾಜರನ್ನೂ ದೇವರುಗಳನ್ನೂ ಕೆತ್ತಿ, ಪಕ್ಕದಲ್ಲಿ ಚಿತ್ರದಂಥ ಅಕ್ಷರಗಳಲ್ಲಿ ಏನೇನೋ ಬರೆದಿಟ್ಟು ಹೋದರು. ಪುಟ ತಿರುವುತ್ತಿದ್ದಂತೆ ಕಪ್ಪು ಮಸಿಯಲ್ಲಿ ಮೂಡಿದ ಕೆಲವು ಚಿತ್ರಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಅವು ಫೋಟೋಗಳಲ್ಲ, ಕೈಯಿಂದ ಬರೆದ ಚಿತ್ರಗಳೂ ಅಲ್ಲ. ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಪಡಿಯಚ್ಚುಗಳು. ತೆಗೆದವಳು ಮರ್ಲ್ ಗ್ರೀನ್ ರಾಬರ್ಟ್‌ಸನ್ ಎಂಬ ಅಮೆರಿಕದ ಹೆಂಗಸು.

ಪಡಿಯಚ್ಚು ನನಗೆ ಹೊಸದಲ್ಲ. ನಾನು ಚಿಕ್ಕವಳಿದ್ದಾಗ ನಮ್ಮೂರ ಈಶ್ವರ ದೇವಸ್ಥಾನದ ಹಿಂದಿನ ಶಾಸನಕ್ಕೆ ಇಬ್ಬರು ಬಂದು ಅಚ್ಚು ತೆಗೆದದ್ದನ್ನು ಕಣ್ಣಾರೆ ನೋಡಿದ್ದೆ. ಅದುವರೆಗೂ ಆ ಕಲ್ಲು ನಮಗೆ ಕುಂಟೆಬಿಲ್ಲೆ ಆಡಲು ಬಚ್ಚೆ ತಿಕ್ಕುವ ಕಲ್ಲು. ಅವರು ಅದನ್ನು ಮಗುವಿಗೆ ಮೀಯಿಸುವ ಹಾಗೆ ತೊಳೆದರು. ಒದ್ದೆ ಕಾಗದ ಹೊದಿಸಿ ಬ್ರಷ್ಷಿನಿಂದ ಮೆಲ್ಲಗೆ ಬಡಿದರು. ಕಾಗದ ಅಕ್ಷರದ ಗುಳಿಗಳಲ್ಲಿ ಇಳಿದು ಕೂತ ಮೇಲೆ ಮಸಿಯ ಉಂಡೆಯನ್ನು ತಟ್ಟುತ್ತ ಬಂದರು. ಕಪ್ಪಿನ ನಡುವೆ ಬಿಳಿಯ ಅಕ್ಷರಗಳು ಒಂದೊಂದಾಗಿ ಕಣ್ಣು ಬಿಟ್ಟವು. ನಮ್ಮ ನಾಡಿನ ಸಾವಿರಾರು ಶಾಸನಗಳು ಪುಸ್ತಕಕ್ಕೆ ಬಂದದ್ದು ಹೀಗೆಯೇ. ಅದೇ ಬಗೆಯ ಕೆಲಸವನ್ನು ಭೂಮಿಯ ಇನ್ನೊಂದು ಮಗ್ಗುಲಲ್ಲಿ ಒಬ್ಬಾಕೆ ಬದುಕಿಡೀ ಮಾಡಿದ್ದಾಳೆಂದು ತಿಳಿದಾಗ ದೂರದ ನೆಂಟಳೊಬ್ಬಳು ಸಿಕ್ಕಂತಾಯಿತು.

ಆಕೆ ಹುಟ್ಟಿದ್ದು 1913ರಲ್ಲಿ, ಅಮೆರಿಕದ ಮೊಂಟಾನಾ ರಾಜ್ಯದಲ್ಲಿ. ಚಿತ್ರಕಲೆ ಕಲಿತಳು. ಮದುವೆಯಾಯಿತು, ಮಕ್ಕಳಾದರು, ಆ ಮದುವೆ ಮುರಿಯಿತು. ಮೆಕ್ಸಿಕೋಗೆ ಹೋಗಿ ಮತ್ತೆ ಚಿತ್ರಕಲೆ ಅಭ್ಯಾಸ ಮಾಡಿದಳು. 1960ರ ಸುಮಾರಿಗೆ ಗ್ವಾಟೆಮಾಲಾದ ಟಿಕಾಲ್‌ನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಉತ್ಖನನ ನಡೆಸುತ್ತಿದ್ದಾಗ ಕಟ್ಟಡಗಳ ಚಿತ್ರ ಬರೆಯುವ ಕೆಲಸಕ್ಕೆ ಸೇರಿಕೊಂಡಳು. ಆಗ ಆಕೆಗೆ ನಲವತ್ತೈದು ದಾಟಿತ್ತು. ನಮ್ಮಲ್ಲಿ ಆ ವಯಸ್ಸಿಗೆ ಹೆಂಗಸರು “ಇನ್ನೇನಿದೆ, ಮಗಳ ಮದುವೆ ಒಂದು ಮುಗಿದರೆ ಸಾಕು” ಎನ್ನಲು ಶುರುಮಾಡಿರುತ್ತಾರೆ. ನಾನೂ ಅಂದಿದ್ದೇನೆ. ಆಕೆ ಆ ವಯಸ್ಸಿನಲ್ಲಿ ಕಾಡಿಗೆ ಹೊರಟಳು.

ಆಕೆಯೂ ಶಾಲಾ ಶಿಕ್ಷಕಿ ಎಂಬುದು ನನಗೆ ಇನ್ನಷ್ಟು ಹಿಡಿಸಿದ ಸಂಗತಿ. ಕ್ಯಾಲಿಫೋರ್ನಿಯಾದ ಶಾಲೆಯೊಂದರಲ್ಲಿ ಆಕೆ, ಎರಡನೆಯ ಗಂಡ ಬಾಬ್ ಇಬ್ಬರೂ ಪಾಠ ಹೇಳುತ್ತಿದ್ದರು. ಜೀಪು ಹೋಗುವಷ್ಟು ದೂರ ಜೀಪಿನಲ್ಲಿ, ಮುಂದೆ ದೋಣಿಯಲ್ಲೋ ಹೇಸರಗತ್ತೆಯ ಮೇಲೋ, ಅದೂ ಇಲ್ಲದ ಕಡೆ ನಡೆದೇ ಆ ಪಾಳು ನಗರಗಳನ್ನು ಮುಟ್ಟಬೇಕು. ಸೊಳ್ಳೆ, ಹಾವು, ಬಿಡದ ಮಳೆ. ಮಲೆನಾಡಿನ ಜೂನ್ ತಿಂಗಳನ್ನು ಕಂಡ ನಮಗೆ ಒದ್ದೆ ಕಾಗದ ಒಣಗಿಸುವ ಕಷ್ಟವನ್ನು ಯಾರೂ ವಿವರಿಸಬೇಕಾಗಿಲ್ಲ. ನಾವು ಹಪ್ಪಳ ಒಣಗಿಸಲು ಮೋಡ ನೋಡುತ್ತೇವೆ, ಆಕೆ ಕಲ್ಲಿನ ಮೇಲಿನ ಕಾಗದಕ್ಕಾಗಿ ಮೋಡ ನೋಡುತ್ತಿದ್ದಳು.

ಕೆಲಸದ ಕ್ರಮ ಹೀಗೆ. ಮೊದಲು ಕಲ್ಲಿನ ಮೇಲಿನ ಪಾಚಿಯನ್ನು ನೀರು, ಮೆದು ಬ್ರಷ್ಷಿನಿಂದ ನಾಜೂಕಾಗಿ ತೆಗೆಯಬೇಕು. ನಾರಿನಿಂದ ಮಾಡಿದ ತೆಳು ಕಾಗದವನ್ನು ಒದ್ದೆ ಮಾಡಿ, ಹರಿಯದಂತೆ ಪ್ರತಿಯೊಂದು ತಗ್ಗು ಉಬ್ಬಿಗೂ ಒತ್ತಬೇಕು. ಕಾಗದ ಪೂರ್ತಿ ಒದ್ದೆ ಇದ್ದರೆ ಮಸಿ ಹರಡುತ್ತದೆ, ಪೂರ್ತಿ ಒಣಗಿದರೆ ಕಲ್ಲನ್ನು ಬಿಟ್ಟು ಎದ್ದು ಬರುತ್ತದೆ. ನಡುವಿನ ಆ ಹದ ಬಂದಾಗ ರೇಷ್ಮೆ ಬಟ್ಟೆ ಸುತ್ತಿದ ಹತ್ತಿಯ ಉಂಡೆಗೆ ಮಸಿ ಹಚ್ಚಿ ತಟ್ಟುತ್ತ ಹೋಗಬೇಕು. ದೊಡ್ಡ ಕಲ್ಲಾದರೆ ಹಲವು ಹಾಳೆಗಳನ್ನು ಜೋಡಿಸಬೇಕು. ಎಲ್ಲಕ್ಕಿಂತ ಮುಖ್ಯ ನಿಯಮ, ಮಸಿ ಕಾಗದದಾಚೆ ಇಳಿದು ಕಲ್ಲಿಗೆ ಕಲೆಯಾಗಬಾರದು. ಹೀಗೆ ಮೂಡಿದ ಅಚ್ಚು ಕಲ್ಲಿನಷ್ಟೇ ಅಳತೆಯದು. ಫೋಟೋದಲ್ಲಿ ನೆರಳಿಗೆ ಸಿಕ್ಕಿ ಮರೆಯಾಗುವ ಸಣ್ಣ ಗೆರೆಯೂ ಇದರಲ್ಲಿ ಉಳಿಯುತ್ತದೆ. ಇಂಥ ಸಾವಿರಾರು ಅಚ್ಚುಗಳನ್ನು ಆಕೆ ಹತ್ತಾರು ಪಾಳು ನಗರಗಳಿಂದ ತೆಗೆದಳು. ಮೆಕ್ಸಿಕೋದ ಪಲೆಂಕೆ ಎಂಬ ನಗರವಂತೂ ಆಕೆಯ ಎರಡನೆಯ ತವರೇ ಆಯಿತು. ಅಲ್ಲೇ ಮನೆ ಮಾಡಿ, ಆ ಊರಿನ ಒಂದೊಂದು ಶಿಲ್ಪವನ್ನೂ, ಗಾರೆಯ ಮೇಲೆ ಉಳಿದಿದ್ದ ಬಣ್ಣದ ಚೂರನ್ನೂ ದಾಖಲಿಸಿ, 1983ರಿಂದ 1991ರವರೆಗೆ ನಾಲ್ಕು ದೊಡ್ಡ ಸಂಪುಟಗಳಲ್ಲಿ ಪ್ರಕಟಿಸಿದಳು. ಕೊನೆಯ ಸಂಪುಟ ಬಂದಾಗ ಆಕೆ ಎಂಬತ್ತರ ಹತ್ತಿರದಲ್ಲಿದ್ದಳು. 2011ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಇದನ್ನೆಲ್ಲ ನಾನು ಊಟದ ಹೊತ್ತಿನಲ್ಲಿ ಮಗಳಿಗೆ ಉತ್ಸಾಹದಿಂದ ಹೇಳಿದೆ. ಅವಳು ಕೇಳಿಸಿಕೊಂಡು, “ಅಲ್ಲಮ್ಮ, ಅವಳೂ ಚಿತ್ರಗಾರ್ತಿಯೇ ತಾನೆ? ತನ್ನದೇ ಚಿತ್ರ ಬರೆಯೋದು ಬಿಟ್ಟು ಯಾರೋ ಕೆತ್ತಿದ್ದನ್ನ ಐವತ್ತು ವರ್ಷ ನಕಲು ಮಾಡಿದಳಾ?” ಎಂದಳು. ಕೈ ತುತ್ತಿನಲ್ಲೇ ನಿಂತಿತು. ಮಗಳು ಆಡಿದ್ದು ನನ್ನದೇ ಪಾಠ.

ಅಂದಿನಿಂದ ಆ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಬೇರೊಬ್ಬರ ಕೃತಿಯನ್ನು ಇದ್ದ ಹಾಗೆ ಉಳಿಸಿಡುವುದಕ್ಕೆ ಒಂದು ಬದುಕನ್ನು ಕೊಟ್ಟರೆ ಅದು ಸಾರ್ಥಕವೇ? ಸ್ವಂತದ್ದೇನನ್ನೂ ಸೃಷ್ಟಿಸದವಳ ಬಾಳು ಎರಡನೆಯ ದರ್ಜೆಯದೇ? ಈ ಪ್ರಶ್ನೆ ಮರ್ಲ್ ಒಬ್ಬಳದ್ದಲ್ಲ. ಅತ್ತೆಯಿಂದ ಕಲಿತ ಸಾರನ್ನು ಸೊಸೆಗೆ ಕಲಿಸುವವರು, ಅಜ್ಜಿಯ ರಂಗೋಲಿಯ ಚುಕ್ಕಿಯ ಲೆಕ್ಕ ತಪ್ಪದಂತೆ ಕಾಯುವವರು, ಬೇರೆಯವರು ಬರೆದ ಪಾಠವನ್ನು ವರ್ಷ ವರ್ಷವೂ ಕಪ್ಪು ಹಲಗೆಯ ಮೇಲೆ ಬರೆಯುವ ನನ್ನಂಥವರು, ನಮ್ಮೆಲ್ಲರದ್ದೂ ಹೌದು.

ಪರೀಕ್ಷೆಯ ನಕಲಿಗೂ ಈ ನಕಲಿಗೂ ಒಂದು ವ್ಯತ್ಯಾಸವಂತೂ ಕೂಡಲೇ ಹೊಳೆಯಿತು. ಪರೀಕ್ಷೆಯಲ್ಲಿ ನಕಲು ಮಾಡುವವನು ಮೂಲವನ್ನು ಬಚ್ಚಿಟ್ಟು ತನ್ನ ಹೆಸರು ಮುಂದೆ ಮಾಡುತ್ತಾನೆ. ಪಡಿಯಚ್ಚು ತೆಗೆಯುವವಳು ತಾನು ಹಿಂದೆ ಸರಿದು ಮೂಲವನ್ನು ಮುಂದೆ ಮಾಡುತ್ತಾಳೆ. ಆದರೆ ಹಿಂದೆ ಸರಿಯುವುದೇನು ಸುಲಭವೇ? ಅದೇ ಪಲೆಂಕೆಗೆ 1832ರಲ್ಲಿ ವಾಲ್ಡೆಕ್ ಎಂಬ ಯುರೋಪಿನ ಚಿತ್ರಕಾರ ಹೋಗಿ ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು ಶಿಲ್ಪಗಳ ಚಿತ್ರ ಬರೆದಿದ್ದ. ಕೈಯಲ್ಲಿ ಕಲೆ ಇದ್ದವನೇ. ಆದರೆ ಈ ನಗರಗಳನ್ನು ಕಟ್ಟಿದವರು ಹಳೆಯ ಪ್ರಪಂಚದಿಂದ ಬಂದವರೆಂಬ ನಂಬಿಕೆ ಅವನ ತಲೆಯಲ್ಲಿತ್ತು. ಹಾಗಾಗಿ ಮಾಯಾ ಅಕ್ಷರಗಳ ನಡುವೆ ಅವನಿಗೆ ಆನೆಯ ತಲೆಗಳು ಕಂಡವು, ಕಂಡದ್ದನ್ನು ಬರೆದ. ಆ ಕಾಡಿನಲ್ಲಿ ಆನೆಗಳೇ ಇರಲಿಲ್ಲ, ಕಲ್ಲಿನಲ್ಲೂ ಇಲ್ಲ. ಅವನು ಸುಳ್ಳು ಹೇಳಬೇಕೆಂದು ಬರೆದನೋ ಇಲ್ಲವೋ, ತನಗೆ ಗೊತ್ತಿದ್ದದ್ದನ್ನು ಗೊತ್ತಿಲ್ಲದ್ದರ ಮೇಲೆ ಹೇರಿದ. ನಾವು ಇದನ್ನು ದಿನಾ ಮಾಡುತ್ತೇವೆ. ಅರ್ಥವಾಗದ್ದನ್ನು ಅರ್ಥವಾಗದ್ದೆಂದೇ ಒಪ್ಪಿಕೊಂಡು ಹಾಗೆಯೇ ಇಟ್ಟುಕೊಳ್ಳುವ ತಾಳ್ಮೆ ಓದಿದವರಿಗೆ ಇನ್ನೂ ಕಡಿಮೆ.

ಮರ್ಲ್ ಅಚ್ಚು ತೆಗೆಯಲು ತೊಡಗಿದಾಗ ಆ ಅಕ್ಷರಗಳನ್ನು ಓದಬಲ್ಲವರು ಇರಲಿಲ್ಲವೆಂದೇ ಹೇಳಬೇಕು. ದಿನಾಂಕಗಳು ಮಾತ್ರ ತಿಳಿಯುತ್ತಿದ್ದವು. ಉಳಿದದ್ದೆಲ್ಲ ನಕ್ಷತ್ರ, ಕಾಲಗಣನೆ, ಪೂಜಾರಿಗಳ ವಿಷಯ ಎಂದು ದೊಡ್ಡ ವಿದ್ವಾಂಸರು ನಂಬಿದ್ದರು. ಮಾಯಾ ಜನರು ತಾವೇ ಬರೆದ ಪುಸ್ತಕಗಳನ್ನು 1562ರಲ್ಲಿ ಮಾನಿ ಎಂಬ ಊರಿನಲ್ಲಿ ಡಿಯಾಗೊ ದೆ ಲಾಂಡಾ ಎಂಬ ಸ್ಪೇನಿನ ಪಾದ್ರಿ ರಾಶಿ ಹಾಕಿ ಸುಡಿಸಿದ್ದ. ಇಂದಿಗೆ ಉಳಿದಿರುವುದು ನಾಲ್ಕೇ ಪುಸ್ತಕ. 1960ರಲ್ಲಿ ತಾತಿಯಾನಾ ಪ್ರಾಸ್ಕೋರಿಯಾಕೋವ್ ಎಂಬ ವಿದುಷಿ ಕಲ್ಲುಗಳ ಮೇಲಿನ ದಿನಾಂಕಗಳನ್ನು ಒಂದಕ್ಕೊಂದು ತಾಳೆ ನೋಡಿ, ಇವು ಮನುಷ್ಯರ ಆಯುಷ್ಯದ ಅಳತೆಗೆ ಹೊಂದುತ್ತವೆ, ಇವು ರಾಜರ ಹುಟ್ಟು, ಪಟ್ಟಾಭಿಷೇಕಗಳ ಚರಿತ್ರೆ ಎಂದು ತೋರಿಸಿದಳು. ಆಕೆಯೂ ಮೊದಲು ಪಾಳು ನಗರಗಳ ಚಿತ್ರ ಬರೆಯುತ್ತಿದ್ದವಳೇ. ಇನ್ನೊಂದು ಮಾತನ್ನೂ ಆಕೆ ಹೇಳಿದಳು. ಉದ್ದ ನಿಲುವಂಗಿ ತೊಟ್ಟ ಕೆಲವು ಶಿಲ್ಪಗಳನ್ನು ಅದುವರೆಗೆ ಎಲ್ಲರೂ ಪೂಜಾರಿಗಳೆಂದು ತಿಳಿದಿದ್ದರು. ಅವರು ಪೂಜಾರಿಗಳಲ್ಲ, ಹೆಂಗಸರು! ಇದನ್ನು ಓದಿ ನಾನು ಒಬ್ಬಳೇ ನಕ್ಕೆ. ಸಾವಿರ ವರ್ಷ ಕಲ್ಲಿನಲ್ಲಿ ನಿಂತಿದ್ದರೂ ನಮ್ಮನ್ನು ಗುರುತಿಸಲು ಇಷ್ಟು ತಡವಾಯಿತಲ್ಲ ಎಂದು.

ಪಲೆಂಕೆಯ ಅರಮನೆಯಲ್ಲಿ ಮೊಟ್ಟೆಯಾಕಾರದ ಒಂದು ಕಲ್ಲಿದೆ. ಎರಡು ತಲೆಯ ಜಾಗ್ವಾರ್ ಪೀಠದ ಮೇಲೆ ರಾಜನೊಬ್ಬ ಕೂತಿದ್ದಾನೆ, ಎದುರಿಗೆ ಕುಳಿತ ಹೆಂಗಸು ಅವನಿಗೆ ಕಿರೀಟ ನೀಡುತ್ತಿದ್ದಾಳೆ. 615ರಲ್ಲಿ ಹನ್ನೆರಡನೆಯ ವಯಸ್ಸಿಗೆ ಪಟ್ಟಕ್ಕೆ ಬಂದ ಪಕಾಲ್ ಎಂಬ ರಾಜ ಅವನು, ಕಿರೀಟ ಕೊಡುತ್ತಿರುವವಳು ಅವನ ತಾಯಿ ಸಾಕ್ ಕುಕ್. ಈ ಹೆಸರುಗಳೆಲ್ಲ ಆಮೇಲೆ ಗೊತ್ತಾದವು. 1973ರ ಡಿಸೆಂಬರಿನಲ್ಲಿ ಮರ್ಲ್ ಪಲೆಂಕೆಯಲ್ಲಿ ಒಂದು ಸಭೆ ಕರೆದಳು. ದೊಡ್ಡ ದೊಡ್ಡ ಪ್ರೊಫೆಸರುಗಳ ಜೊತೆಗೆ ವಿದ್ಯಾರ್ಥಿಗಳೂ, ಆ ಊರಿನಲ್ಲಿ ಆಸಕ್ತಿಯಿದ್ದ ಇತರರೂ ಸೇರಿದರು. ಚಿತ್ರಕಲೆ ಕಲಿಸುತ್ತಿದ್ದ ಲಿಂಡಾ ಶೀಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಪೀಟರ್ ಮ್ಯಾಥ್ಯೂಸ್, ಭಾಷಾಶಾಸ್ತ್ರಜ್ಞ ಫ್ಲಾಯ್ಡ್ ಲೌನ್ಸ್‌ಬರಿ ಶಾಸನಗಳನ್ನು ಮುಂದಿಟ್ಟುಕೊಂಡು ಕೂತರು. ಒಂದೇ ಮಧ್ಯಾಹ್ನದಲ್ಲಿ ಪಲೆಂಕೆಯ ರಾಜರ ಸರಣಿಯನ್ನು, ಅವರ ಹುಟ್ಟು, ಪಟ್ಟ, ಸಾವುಗಳ ಸಮೇತ ಬಿಡಿಸಿಟ್ಟರು. ಶತಮಾನಗಳಿಂದ ಮೂಕವಾಗಿದ್ದ ಊರು ಮಾತಾಡಿತು. ಓದಿದವರ ಹೆಸರು ಪುಸ್ತಕಗಳಲ್ಲಿ ದೊಡ್ಡದಾಗಿದೆ, ಇರಲೇಬೇಕು. ಆದರೆ ಇಂಥ ಓದಿಗೆ ಒಂದು ಗೆರೆ ತಪ್ಪದ ಪ್ರತಿ ಬೇಕು. ಅದನ್ನು ಅರ್ಥ ತಿಳಿಯುವ ಮೊದಲೇ ಯಾರಾದರೂ ತೆಗೆದಿಟ್ಟಿರಬೇಕು.

ಈಗ ನನ್ನ ಒಂದು ತಪ್ಪನ್ನು ಹೇಳಲೇಬೇಕು. ಈ ಪ್ರಬಂಧ ಬರೆಯಲು ಕೂತದ್ದೇ ಅದಕ್ಕೆ.

ನನ್ನ ಅಮ್ಮ ಮದುವೆ ಮನೆಗಳಲ್ಲಿ ಹಸೆಗೆ ಕರೆಯುವ ಹಾಡು ಹೇಳುತ್ತಿದ್ದಳು. ಶಾಲೆಗೆ ಹೋದವಳಲ್ಲ, ಅವಳ ಅಜ್ಜಿಯಿಂದ ಬಾಯಿಪಾಠವಾಗಿ ಬಂದ ಹಾಡುಗಳು. ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಹುಡುಗಿಯರಿಂದ ಅದರಲ್ಲೊಂದನ್ನು ಹಾಡಿಸಬೇಕೆಂದು ಅಮ್ಮನನ್ನು ಕೂರಿಸಿಕೊಂಡು ಬರೆದುಕೊಂಡೆ. ಮದುಮಗಳ ಮುಡಿಯನ್ನು ಬಣ್ಣಿಸುವ ಸಾಲಿನಲ್ಲಿ ಒಂದು ಹೂವಿನ ಹೆಸರು ಬಂತು. ನಾನು ಕೇಳಿದ ಪದವಲ್ಲ. “ಅದು ಯಾವ ಹೂವಮ್ಮ?” ಎಂದೆ. “ನಂಗೊತ್ತಿಲ್ಲ ಕಣೇ, ಅಜ್ಜಿ ಹಾಗೇ ಹೇಳ್ತಿದ್ರು” ಎಂದಳು. ನಿಘಂಟು ನೋಡಿದೆ, ಇರಲಿಲ್ಲ. ಅರ್ಥವಿಲ್ಲದ ಪದವನ್ನು ಮಕ್ಕಳ ಬಾಯಲ್ಲಿ ಹೇಗೆ ಹೇಳಿಸುವುದು? ನಾನು ಬಿಎ ಬಿಎಡ್ ಮಾಡಿದವಳು. ಅದನ್ನು ಹೊಡೆದುಹಾಕಿ ‘ಮಲ್ಲಿಗೆ’ ಎಂದು ಬರೆದೆ. ಲಯಕ್ಕೂ ಸರಿಯಾಗಿ ಕೂತಿತು. ಹುಡುಗಿಯರು ಚೆನ್ನಾಗಿ ಹಾಡಿದರು, ಬಹುಮಾನವೂ ಬಂತು.

ಮುಂದಿನ ಮದುವೆಯಲ್ಲಿ ಅಮ್ಮನೂ ‘ಮಲ್ಲಿಗೆ’ ಎಂದೇ ಹಾಡಿದಳು. “ಅಮ್ಮ, ನೀನು ನಿನ್ನ ಪದಾನೇ ಹೇಳು” ಎಂದರೆ, “ನೀನು ಓದಿದವಳು, ನೀನು ಬರೆದದ್ದೇ ಸರಿ ಇರತ್ತೆ ಬಿಡು” ಎಂದಳು. ಆಗ ನನಗೆ ಹೆಮ್ಮೆಯೇ ಆಗಿತ್ತು! ಅಮ್ಮ ಹೋಗಿ ಆರು ವರ್ಷವಾಯಿತು. ಆ ಹಳೆಯ ಪದ ಏನೆಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ. ಮೂರು ಅಕ್ಷರ ಇತ್ತೆನ್ನುವುದು ನೆನಪಿದೆ. ಅದೊಂದು ಕಾಡುಹೂವಿನ ಹೆಸರಿತ್ತೋ, ಯಾವುದೋ ಹಳೆಗನ್ನಡದ ಮಾತು ಸವೆದು ಉಳಿದಿತ್ತೋ, ಅಜ್ಜಿಯ ತವರಿನ ಕಡೆಯ ಪದವೋ ಯಾರಿಗೆ ಗೊತ್ತು? ತಿಳಿದವರು ಯಾರಾದರೂ ಮುಂದೆ ಓದಬಹುದಿತ್ತು. ಓದಲು ಪದವೇ ಇಲ್ಲವಲ್ಲ. ವಾಲ್ಡೆಕ್ ಆನೆ ಬರೆದದ್ದಕ್ಕೆ ನಕ್ಕ ನಾನು ಅಮ್ಮನ ಹಾಡಿನಲ್ಲಿ ಮಲ್ಲಿಗೆ ಬರೆದೆ. ಅವನು ಬರೆದದ್ದು ಕಾಗದದ ಮೇಲೆ, ಕಲ್ಲು ಹಾಗೇ ಉಳಿದಿತ್ತು. ನಾನು ತಿದ್ದಿದ್ದು ಮೂಲವನ್ನೇ.

ಕಲ್ಲು ಕೂಡ ಉಳಿದೇ ಉಳಿಯುತ್ತದೆ ಎಂದೇನಲ್ಲ. 1960ರ ದಶಕದಲ್ಲಿ ಮಾಯಾ ಶಿಲ್ಪಗಳಿಗೆ ಶ್ರೀಮಂತ ದೇಶಗಳಲ್ಲಿ ಬೆಲೆ ಏರಿದಾಗ ಕಳ್ಳರು ಗರಗಸ ಹಿಡಿದು ಕಾಡಿಗೆ ಇಳಿದರು. ಸಾಗಿಸಲು ಭಾರವೆಂದು ಕಲ್ಲಿನ ಮುಖವನ್ನು ಮಾತ್ರ ಸೀಳಿ, ತುಂಡು ತುಂಡು ಮಾಡಿ ಒಯ್ದರು. ಮಚಾಕಿಲಾ ಎಂಬ ಊರಿನ ಒಂದು ಶಿಲಾಸ್ತಂಭ ಹೀಗೆ ಅಮೆರಿಕಕ್ಕೆ ಸೇರಿತ್ತು. ಇಯಾನ್ ಗ್ರಹಾಂ ಎಂಬ ಶೋಧಕ ಅದನ್ನು ಕಾಡಿನಲ್ಲೇ ದಾಖಲಿಸಿಟ್ಟಿದ್ದರಿಂದ ಅದು ಇಂಥ ಜಾಗದ್ದೇ ಎಂದು ನ್ಯಾಯಾಲಯದಲ್ಲಿ ತೋರಿಸಲು ಸಾಧ್ಯವಾಯಿತು. 1970ರ ದಶಕದಲ್ಲಿ ಕಳ್ಳಸಾಗಣೆದಾರರಿಗೆ ಶಿಕ್ಷೆಯಾಯಿತು. ಪಲೆಂಕೆಯ ಮೇಲೆ 1982ರಲ್ಲಿ ಎಲ್ ಚಿಚೋನ್ ಅಗ್ನಿಪರ್ವತದ ಬೂದಿ ಸುರಿಯಿತು. ಮಳೆ, ಪಾಚಿ, ಹೊಗೆ ಕಲ್ಲನ್ನು ದಿನದಿನವೂ ತಿನ್ನುತ್ತವೆ. ಕಲ್ಲು ಕಳುವಾದ ಕಡೆ, ಸವೆದ ಕಡೆ ಅದರ ಅಚ್ಚೇ ಸಾಕ್ಷಿ. ಈಗ ಕಲ್ಲನ್ನು ಮುಟ್ಟದೆಯೇ ಬೆಳಕಿನಿಂದ ಅಳೆದು ದಾಖಲಿಸುವ ಯಂತ್ರಗಳು ಬಂದಿವೆ. ಅವೂ ಇಂದಿನ ಕಲ್ಲನ್ನು ದಾಖಲಿಸಬಲ್ಲವೇ ಹೊರತು ಐವತ್ತು ವರ್ಷ ಹಿಂದಿನದ್ದನ್ನಲ್ಲ.

ನ್ಯಾಯವಾಗಿ ಇನ್ನೊಂದು ಮಾತು ಕೇಳಬೇಕು. ಮಾಯಾ ಜನ ಅಳಿದುಹೋದವರಲ್ಲ, ಲಕ್ಷಗಟ್ಟಲೆ ಮಂದಿ ಇಂದಿಗೂ ಆ ಭಾಷೆಗಳನ್ನಾಡುತ್ತ ಬಾಳುತ್ತಿದ್ದಾರೆ. ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ ಎರಡು ಲಕ್ಷದಷ್ಟು ಜನ ಸತ್ತರು, ಕಾಣೆಯಾದರು. ಅವರಲ್ಲಿ ಬಹುಪಾಲು ಮಾಯಾ ಹಳ್ಳಿಗರು. ಮನುಷ್ಯರು ಸಾಯುತ್ತಿರುವಾಗ ಅವರ ಪೂರ್ವಜರ ಕಲ್ಲಿನ ಮೇಲೆ ಕಾಗದ ಒತ್ತುವುದು ಯಾವ ಪುರುಷಾರ್ಥ? ಆ ಕಾಗದಗಳೋ ದೂರದ ಅಮೆರಿಕದ ಗ್ರಂಥಾಲಯಗಳಲ್ಲಿ ಭದ್ರವಾಗಿವೆ. ಈ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಕಾಗದ ಯಾರ ಪ್ರಾಣವನ್ನೂ ಉಳಿಸಲಿಲ್ಲ. ಆದರೆ ಇಷ್ಟು ನಡೆಯಿತು: 1980ರ ದಶಕದ ಕೊನೆಗೆ ಅದೇ ಲಿಂಡಾ ಶೀಲಿ ಮತ್ತು ಸಂಗಡಿಗರು ಗ್ವಾಟೆಮಾಲಾಕ್ಕೆ ಹೋಗಿ ಮಾಯಾ ಭಾಷಿಕರಿಗೇ ಆ ಹಳೆಯ ಅಕ್ಷರ ಓದುವುದನ್ನು ಕಲಿಸತೊಡಗಿದರು. ಸುಟ್ಟುಹೋದ ಪುಸ್ತಕಗಳ ವಾರಸುದಾರರು ತಮ್ಮ ಅಜ್ಜಂದಿರ ಬರಹವನ್ನು ಮತ್ತೆ ಓದಿದರು, ಬರೆದರು. ನಕಲು ಮಾಡಿಟ್ಟುಕೊಂಡವರ ಮೇಲೆ ಮೂಲದವರಿಗೆ ಅದನ್ನು ಹಿಂತಿರುಗಿಸುವ ಋಣವಿದೆ. ಅದನ್ನು ತೀರಿಸಿದಾಗಲೇ ಕೆಲಸ ಪೂರ್ತಿಯಾಗುವುದು ಎಂದು ನನಗನ್ನಿಸುತ್ತದೆ.

ಮಗಳಿಗೆ ನಾನಿನ್ನೂ ಉತ್ತರ ಹೇಳಿಲ್ಲ. ಹೇಳಿದರೆ ಇಷ್ಟು ಹೇಳಿಯೇನು. ಹೊಸದನ್ನು ಮಾಡುವುದು ದೊಡ್ಡದು, ಒಪ್ಪಿದೆ. ಆದರೆ ತನಗೆ ಅರ್ಥವಾಗದ ಒಂದನ್ನು, ಅರ್ಥವಾಗುವವರು ಮುಂದೆ ಬರಬಹುದೆಂದು ನಂಬಿ, ತನ್ನ ಕೈಯ ಜಾಣತನವನ್ನು ಸೇರಿಸದೆ ದಾಟಿಸುವುದು ಅದಕ್ಕಿಂತ ಸಣ್ಣ ಕೆಲಸವಲ್ಲ. ಅದಕ್ಕೆ ಪ್ರೀತಿ ಬೇಕು, ತಾಳ್ಮೆ ಬೇಕು, “ನನಗೆ ಗೊತ್ತಿಲ್ಲ” ಎನ್ನುವ ವಿನಯ ಬೇಕು. ನನ್ನ ಅಮ್ಮನಿಗೂ ಅವಳ ಅಜ್ಜಿಗೂ ಅದಿತ್ತು. ಓದಿದ ನನಗೆ ಇರಲಿಲ್ಲ.

ಹೋದ ದಸರೆ ರಜೆಯಲ್ಲಿ ಚಿಕ್ಕಮ್ಮನ ಮನೆಗೆ ಹೋಗಿ, ಹೊಸ ನೋಟುಬುಕ್ಕು ತೆರೆದು ಅವಳ ಎದುರು ಕೂತೆ. ಎಪ್ಪತ್ತೆಂಟರ ಮುದುಕಿ, ಅಮ್ಮನ ಒಡಹುಟ್ಟಿದ ತಂಗಿ. ಹಸೆಯ ಹಾಡು ಹೇಳು ಎಂದೆ. ನಡುಗುವ ದನಿಯಲ್ಲಿ ಹೇಳಿದಳು. ಆ ಸಾಲು ಬಂದಾಗ ನಾನು ಉಸಿರು ಬಿಗಿಹಿಡಿದೆ. ಚಿಕ್ಕಮ್ಮ ‘ಮಲ್ಲಿಗೆ’ ಎಂದಳು. “ಹಿಂದೆ ಬೇರೇನೋ ಪದ ಇತ್ತಲ್ಲ ಚಿಕ್ಕಮ್ಮ, ನೆನಪು ಮಾಡಿಕೋ” ಎಂದು ಗೋಗರೆದೆ. ಅವಳು ನನ್ನ ಮುಖವನ್ನೇ ನೋಡಿ, “ಅದು ನೀನೇ ತಿದ್ದಿಕೊಟ್ಟದ್ದು ಅಂತ ಅಕ್ಕ ಹೇಳಿದ್ದಳಲ್ಲೇ? ಅವತ್ತಿಂದ ನಾವೆಲ್ಲ ಹಾಗೇ ಹೇಳ್ತೀವಿ” ಎಂದಳು.

ಮರ್ಲ್ ತೆಗೆದ ಅಚ್ಚುಗಳಲ್ಲಿ ಕಲ್ಲು ಒಡೆದ ಕಡೆ ಒಡಕೇ ಕಾಣುತ್ತದೆ. ಆಕೆ ಅದನ್ನು ತುಂಬಿ ಚಂದ ಮಾಡಲಿಲ್ಲ. ನಾನೂ ನೋಟುಬುಕ್ಕಿನಲ್ಲಿ ಆ ಸಾಲಿಗೆ ಬಂದಾಗ ಮೂರು ಅಕ್ಷರದಷ್ಟು ಜಾಗ ಖಾಲಿ ಬಿಟ್ಟೆ. ಅಂಚಿನಲ್ಲಿ, ಇಲ್ಲಿದ್ದ ಹೂವಿನ ಹೆಸರು ಈಗಿಲ್ಲ, ಅದನ್ನು ಅಳಿಸಿದವಳು ನಾನು ಎಂದು ಬರೆದು, ನನ್ನ ಹೆಸರು, ಇಸವಿ ಹಾಕಿದೆ. ಆಮೇಲೆ ಚಿಕ್ಕಮ್ಮ ಇನ್ನೂ ಹದಿನೇಳು ಹಾಡು ಹೇಳಿದಳು. ಅರ್ಥವಾಗದ ಪದಗಳು ಅವುಗಳಲ್ಲೂ ಎಷ್ಟೋ ಬಂದವು. ಅವನ್ನೆಲ್ಲ ಅವಳು ಹೇಳಿದ ಹಾಗೆಯೇ, ಎರಡೆರಡು ಬಾರಿ ಕೇಳಿ, ಬರೆದುಕೊಂಡಿದ್ದೇನೆ.